ಕಾರಿಹೆಗ್ಗಡೆಯ ಮಗಳೂ ಹುಬ್ಬಳ್ಳಿಯ ಆಟೋ ಬಾಡಿಗೆಯೂ: ಒಂದು ಮೀಮಾಂಸೆ

ಗ್ಲಾಸ್ಗೋ ನಗರದಲ್ಲಿ 1777ರಲ್ಲಿ ಹುಟ್ಟಿದ ಕವಿ ತಾಮಸ್ ಕ್ಯಾಂಪ್‌ಬೆಲ್ ಹುಬ್ಬಳ್ಳಿ ಆಟೋ ಬಾಡಿಗೆಯ ಆದ್ಯ ಶಾಸ್ತ್ರಕಾರನೆಂಬ ಸಂಗತಿ ಪಂಡಿತರ ಗಮನಕ್ಕೆ ಬಂದಂತಿಲ್ಲ. ಆತನ ಕಥನಗೀತೆಯನ್ನು ಬಿ.ಎಂ.ಶ್ರೀ. ‘ಕಾರಿಹೆಗ್ಗಡೆಯ ಮಗಳು’ ಎಂದು ಕನ್ನಡಕ್ಕೆ ತಂದು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಸೇರಿಸಿದರು. ಅಂದಿನಿಂದ ವಿಮರ್ಶಕರು ಛಂದಸ್ಸು, ಪ್ರೇಮ, ದುರಂತ ಎಂದೆಲ್ಲ ಬರೆದರೇ ಹೊರತು, ದೋಣಿಯಲ್ಲಿ ನೀರು ದಾಟಿಸಲು ಎಷ್ಟು ಎಂಬ ಮೂಲಭೂತ ಪ್ರಶ್ನೆಯನ್ನು ಎತ್ತಲಿಲ್ಲ. ಮೂಲವನ್ನೇ ನೋಡಿ: ಹುಡುಗಿಯೊಡನೆ ಓಡಿಬಂದ ನಾಯಕ, ಅಂಬಿಗ ಬಾಯಿ ತೆರೆಯುವ ಮೊದಲೇ ಬೆಳ್ಳಿಯ ಪೌಂಡ್ ಕೊಡುತ್ತೇನೆನ್ನುತ್ತಾನೆ, ತಡಮಾಡಬೇಡವೆನ್ನುತ್ತಾನೆ, ಆಕೆಯ ಅಪ್ಪ ಕುದುರೆ ಸವಾರರೊಡನೆ ಬೆನ್ನಟ್ಟಿರುವುದನ್ನೂ ಹೇಳಿಬಿಡುತ್ತಾನೆ. ದರ, ಅವಸರ, ಅಡಚಣೆ ಮೂರನ್ನೂ ತಾನಾಗಿಯೇ ಒಪ್ಪಿಸಿದವನಿಗೆ ಚೌಕಾಸಿಗೆ ಉಳಿಯುವುದೇನು? ಮಳೆಗಾಲದ ರಾತ್ರಿ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಸವೆಸಿ ಹೊರಬಂದವರು ಮಾಡುವುದೂ ಇದನ್ನೇ. (ಆ ಹೊತ್ತಿನಲ್ಲಿ ಮೀಟರ್ ಎಂಬುದು ಪ್ಲಾಟ್‌ಫಾರ್ಮಿಗಷ್ಟೇ ಅನ್ವಯ.)

ಇಲ್ಲೊಂದು ಪೂರ್ವಪಕ್ಷವುಂಟು. ಅಂಬಿಗ ತಾನು ಬರುವುದು ಬೆಳ್ಳಿಗಲ್ಲ, ಆ ಹೆಣ್ಣುಮಗಳಿಗಾಗಿ ಎಂದನಲ್ಲ? ಇದನ್ನು ಔದಾರ್ಯವೆಂದು ಬಗೆದವರು ಹುಬ್ಬಳ್ಳಿಯಲ್ಲಿ ಇಳಿದವರಲ್ಲ. ‘ಹೆಣ್ಮಕ್ಕಳದಾರಂತ ಬರಾಕತ್ತೀನ್ರಿ, ನೀವು ತಿಳದಷ್ಟು ಕೊಡ್ರಿ’ ಎಂಬುದು ಈ ಶಾಸ್ತ್ರದ ಅತಿ ದುಬಾರಿ ದರ, ಅದಕ್ಕೆ ಮೇಲ್ಮಿತಿಯಿಲ್ಲ. ಮೇಲಾಗಿ, ಅಂಬಿಗ ಬೆಳ್ಳಿಗಾಗಿ ಬರುವುದಿಲ್ಲವೆಂದನೇ ಹೊರತು, ಕೊಟ್ಟರೆ ಒಲ್ಲೆನೆಂದದ್ದಕ್ಕೆ ಪಠ್ಯದಲ್ಲಿ ಆಧಾರವಿಲ್ಲ.

ಚಿಗರಿ ಬಸ್ಸಿರುವಾಗ ಚೌಕಾಸಿಯೇಕೆ ಎಂಬುದು ಇನ್ನೊಂದು ಆಕ್ಷೇಪ. ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್, ಗೊತ್ತಾದ ಟಿಕೆಟ್ಟು, ಅದಕ್ಕೆಂದೇ ಕಟ್ಟಿದ ಪಥ: ಒಪ್ಪೋಣ. ಆದರೆ ಪರಿಣಾಮ? ಪ್ರೇಮಿಗಳು ಚಿಗರಿ ಹತ್ತಿ ಲೈನ್ ಬಜಾರಿನಲ್ಲಿ ಪೇಡಾ ತಿನ್ನುವ ಹೊತ್ತಿಗೆ ಹೆಗ್ಗಡೆಯ ಕುದುರೆಗಳು ಪಕ್ಕದ ರಸ್ತೆಯಲ್ಲಿ, ಉಣಕಲ್ ಹತ್ತಿರ, ಲಾರಿಯ ಹಿಂದೆ ನಿಂತಿರುತ್ತಿದ್ದವು. ಯಾರೂ ಮುಳುಗುತ್ತಿರಲಿಲ್ಲ, ಕ್ಯಾಂಪ್‌ಬೆಲ್‌ಗೆ ವಸ್ತುವಿಲ್ಲ, ಶ್ರೀಯವರಿಗೆ ಅನುವಾದವಿಲ್ಲ, ಶಾಲೆಯ ಮಕ್ಕಳಿಗೆ ಬಾಯಿಪಾಠವಿಲ್ಲ. ನಿಗದಿತ ದರ ಕಾವ್ಯಕ್ಕೆ ಮಾರಕವೆಂದು ತೋರಿಸುವ ಈ ಆಕ್ಷೇಪ ನಮ್ಮ ಸಿದ್ಧಾಂತದ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ಬಗೆಹರಿಯದ ತೊಡಕು ಒಂದುಂಟು. ಮುಳುಗುವ ಮಗಳು ಕೈಚಾಚಿದ್ದನ್ನೂ ದಡದಲ್ಲಿ ಅಪ್ಪ ಕ್ಷಮಿಸಿದೆನೆಂದು ಗೋಳಾಡಿದ್ದನ್ನೂ ವರ್ಣಿಸುವ ಕ್ಯಾಂಪ್‌ಬೆಲ್ ಅಂಬಿಗನ ಗತಿಯೇನಾಯಿತೆಂದು ಹೇಳುವುದೇ ಇಲ್ಲ. ಆತ ಈಜಿ ದಡ ಸೇರಿದ್ದ ಪಕ್ಷದಲ್ಲಿ, ‘ವಾಪಸ್ ಖಾಲಿ ಬರಬೇಕ್ರಿ’ ಎಂಬ ನ್ಯಾಯದ ಪ್ರಕಾರ ತಿರುಗಿ ಬಂದ ಬಾಡಿಗೆಯನ್ನು, ರಾತ್ರಿಯಾದ್ದರಿಂದ ಒಂದೂವರೆ ಪಟ್ಟು ಹಿಡಿದು, ಹೆಗ್ಗಡೆಯವರೇ ಕೊಡತಕ್ಕದ್ದು.