ಫ್ರೇಮ್‌ವರ್ಕ್ ರಾಜವಂಶಗಳ ಕಾಲನಿರ್ಣಯ: ಒಂದು ಪ್ರಾಥಮಿಕ ಶೋಧ

ಕದಂಬರ ಕಾಲದ ಬಗ್ಗೆ, ಗಂಗರ ವಂಶಾವಳಿಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆ, ವೈಟ್‌ಫೀಲ್ಡ್ ಪ್ರಾಂತಗಳನ್ನು ಒಂದರ ಹಿಂದೊಂದರಂತೆ ಆಳಿದ ಫ್ರೇಮ್‌ವರ್ಕ್ (ಜಾಲತಾಣ ಕಟ್ಟುವ ಸಿದ್ಧ ಚೌಕಟ್ಟು) ವಂಶಗಳ ವಿಷಯದಲ್ಲಿ ವಿದ್ವಲ್ಲೋಕ ದಿವ್ಯಮೌನ ತಾಳಿದೆ. ವೃತ್ತಿಯಿಂದ ವೆಬ್ ಡೆವಲಪರನೂ ಪ್ರವೃತ್ತಿಯಿಂದ ನಿದ್ರಾಹೀನನೂ ಆದ ಪ್ರಸ್ತುತ ಲೇಖಕ ಈ ಕೊರತೆಯನ್ನು ನೀಗಲು ಮುಂದಾಗಿದ್ದಾನೆ. ಬಳಸಿದ ಆಕರಗಳು ಇವು: ಗಿಟ್‌ಹಬ್‌ನಲ್ಲಿ ದೊರೆಯುವ ರೀಡ್‌ಮೀ ಶಾಸನಗಳು, ಕೆಲಸಕ್ಕೆ ಕರೆಯುವ ಜಾಹೀರಾತುಗಳು, ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತ ಸಮಕಾಲೀನರ ಬಾಯಿಮಾತು. ಕೊನೆಯದನ್ನೇ ಹೆಚ್ಚು ನಂಬಲಾಗಿದೆ.

ಬಹುಪಾಲು ವಂಶಗಳು ತಮ್ಮ ಮೂಲವನ್ನು ಜಾವಾಸ್ಕ್ರಿಪ್ಟಿಗೆ ಒಯ್ಯುತ್ತವೆ. ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಇದರ ಮೊದಲ ರೂಪವನ್ನು ಕಟ್ಟಿದ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ವರ್ಷ ತುಂಬುವುದರೊಳಗೆ ಅದು ಮೋಕಾ, ಲೈವ್‌ಸ್ಕ್ರಿಪ್ಟ್, ಜಾವಾಸ್ಕ್ರಿಪ್ಟ್ ಎಂದು ಮೂರು ಹೆಸರು ಧರಿಸಿತು. ಯುದ್ಧಕ್ಕೆ ಮುಂಚೆಯೇ ಬಿರುದು ಹೊತ್ತ ಅರಸರು ನಮ್ಮಲ್ಲೂ ಇದ್ದದ್ದರಿಂದ ಇದರಲ್ಲಿ ಸೋಜಿಗವೇನಿಲ್ಲ. ಆಗ ಜಾವಾಗೆ ಭಾರೀ ಹೆಸರಿತ್ತು, ಆ ಹೆಸರನ್ನು ಅಂಟಿಸಿಕೊಂಡಿತು. ರಕ್ತಸಂಬಂಧವಂತೂ ಇಲ್ಲ. ಹತ್ತು ದಿನದ ಆ ಕೆಲಸದ ದೋಷಗಳನ್ನು ತಿದ್ದುವ ಕಾರ್ಯ ಮೂವತ್ತು ವರ್ಷ ದಾಟಿದರೂ ನಡೆದೇ ಇದೆ. ಸಾವಿರಾರು ಸಂಸಾರಗಳು ಅದರಿಂದಲೇ ಊಟ ಮಾಡುತ್ತಿವೆ.

ವಂಶಾವಳಿ ರಚಿಸುವಾಗ ಎದುರಾಗುವ ಅತಿ ದೊಡ್ಡ ತೊಡಕು ಲುಪ್ತರಾಜರದು. ಜಾವಾಸ್ಕ್ರಿಪ್ಟಿನ ಪ್ರಮಾಣಗ್ರಂಥವಾದ ಎಕ್ಮಾಸ್ಕ್ರಿಪ್ಟಿನಲ್ಲಿ ಮೂರನೆಯ ಆವೃತ್ತಿ ಬಂದದ್ದು 1999ರಲ್ಲಿ, ಐದನೆಯದು 2009ರಲ್ಲಿ. ನಾಲ್ಕನೆಯದೆಲ್ಲಿ? ಪಿಎಚ್‌ಪಿ ಭಾಷೆಯಲ್ಲಿ ಐದಾದ ಮೇಲೆ 2015ರಲ್ಲಿ ಏಳು. ಆರನೆಯದೆಲ್ಲಿ? ಆಂಗ್ಯುಲರ್ ಎಂಬ ಫ್ರೇಮ್‌ವರ್ಕಿನಲ್ಲಿ 2016ರಲ್ಲಿ ಎರಡು, 2017ರಲ್ಲಿ ಒಮ್ಮೆಲೇ ನಾಲ್ಕು! ಮೂರನೆಯ ಆಂಗ್ಯುಲರನನ್ನು ಸೋದರರೇ ವಿಷವಿಟ್ಟು ಕೊಂದರು ಎಂಬ ಐತಿಹ್ಯ ದರ್ಶಿನಿಯಲ್ಲಿ ಪ್ರಚಲಿತವಿದೆ. ವಾಸ್ತವ ಇದಕ್ಕಿಂತ ನೀರಸ. ಅದರ ರೂಟರ್ ಎಂಬ ಸಾಮಂತ ಆಗಲೇ ಮೂರರ ಅಂಕಿ ಹಾಕಿಕೊಂಡು ಕುಳಿತಿದ್ದ, ಹಾಗಾಗಿ ಚಕ್ರವರ್ತಿಯೇ ಒಂದು ಮೆಟ್ಟಿಲು ಹಾರಿ ನಾಲ್ಕಕ್ಕೆ ಹೋಗಬೇಕಾಯಿತು. ಎಕ್ಮಾಸ್ಕ್ರಿಪ್ಟಿನ ನಾಲ್ಕನೆಯವನು ಮಾತ್ರ ಸಭಾಸದರ ಜಗಳದಲ್ಲಿ ಗರ್ಭದಲ್ಲೇ ತೀರಿಕೊಂಡ. 2008ರಲ್ಲಿ ಅವನ ಆಸೆ ಬಿಡಲಾಯಿತು.

ಜೆಕ್ವೆರಿಯ (2006) ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಅದು ಸತ್ತಿತೆಂದು ಪ್ರತಿವರ್ಷ ಡಂಗುರ ಸಾರಲಾಗುತ್ತದೆ. ಜಗತ್ತಿನ ಬಹುಪಾಲು ಜಾಲತಾಣಗಳು ಇಂದೂ ಅದರ ಮೇಲೇ ನಡೆಯುತ್ತಿವೆ.

ಶಾಸನಗಳ ಅಂತ್ಯದ ಶಾಪಾಶಯ ಓದುಗರಿಗೆ ಗೊತ್ತೇ ಇದೆ: ಈ ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ. ಹಳೆಯ ಕೋಡಿನ ನಡುನಡುವೆ ‘ಇದೇಕೆ ಕೆಲಸ ಮಾಡುತ್ತಿದೆಯೋ ತಿಳಿಯದು, ದಯವಿಟ್ಟು ಮುಟ್ಟಬೇಡಿ’ ಎಂಬ ಟಿಪ್ಪಣಿ ಕಾಣುವುದು ಇದೇ ಪರಂಪರೆಯ ಮುಂದುವರಿಕೆ ಎಂದು ಪ್ರಸ್ತುತ ಲೇಖಕನ ಮತ. ಶಾಪ ತಟ್ಟಿದ್ದಕ್ಕೆ ದೃಷ್ಟಾಂತವೂ ಉಂಟು. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್ ಹೆಸರಿನ ಹಕ್ಕಿನ ಜಗಳದಲ್ಲಿ ಮುನಿದು ಎನ್‌ಪಿಎಂ ಭಂಡಾರದಿಂದ ತನ್ನ ಕೃತಿಗಳನ್ನೆಲ್ಲ ಹಿಂತೆಗೆದುಕೊಂಡ. ಅವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಕೃತಿಯೂ ಇತ್ತು. ಅದರ ಪ್ರತಿಭೆ ಇಷ್ಟೇ: ಪದದ ಎಡಕ್ಕೆ ಖಾಲಿ ಜಾಗ ತುಂಬುವುದು. ಬೇಬಲ್, ರಿಯಾಕ್ಟ್ ಮೊದಲಾದ ದೊಡ್ಡ ದೊಡ್ಡ ಮನೆತನಗಳು ಈ ಹನ್ನೊಂದು ಸಾಲಿನ ಆಸರೆಯಲ್ಲಿದ್ದವೆಂಬುದು ಅವು ಕುಸಿದಾಗಲೇ ಗೊತ್ತಾದದ್ದು. ಭಂಡಾರದವರು ಕೆಲವೇ ಗಂಟೆಗಳಲ್ಲಿ ಅದನ್ನು ಪುನಃ ಪ್ರತಿಷ್ಠಾಪಿಸಿ ಲೋಕವನ್ನು ಕಾಪಾಡಿದರು. ಖಾಲಿ ಜಾಗವನ್ನು ಕೈಯಾರೆ ಬರೆಯಬಹುದಿತ್ತಲ್ಲ ಎಂದು ಕೇಳುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಈಗ ಪ್ರಬಂಧದ ಹೃದಯಭಾಗವಾದ ಪುನರ್ಜನ್ಮ ವಿಚಾರ. ಗ್ರೀನ್‌ಲ್ಯಾಂಡ್‌ನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಜಾಲದಲ್ಲಿ ಹಾಕಿದ್ದ ತನ್ನ ಬಯೋಡೇಟಾವನ್ನು ಎಷ್ಟು ಜನ ನೋಡಿದರು ಎಂದು ಲೆಕ್ಕ ಇಡಲು ಬರೆದುಕೊಂಡ ಸಣ್ಣ ಸಲಕರಣೆಯೇ 1995ರಲ್ಲಿ ಹೊರಬಂದ ಪಿಎಚ್‌ಪಿ. ಅದರಲ್ಲಿ ಸರ್ವರ್ ಪುಟವನ್ನು ಪೂರ್ತಿ ಕಟ್ಟಿ ಕಳಿಸುತ್ತಿತ್ತು, ಬ್ರೌಸರ್ ತೋರಿಸುತ್ತಿತ್ತು. ಎಚ್‌ಟಿಎಂಎಲ್ ನಡುವೆ ಕೋಡು, ಕೋಡಿನ ನಡುವೆ ಡೇಟಾಬೇಸಿನ ಪ್ರಶ್ನೆ. ಇದು ಅಶುದ್ಧ, ವರ್ಣಸಂಕರ ಎಂದು ಆಚಾರ್ಯರೆಲ್ಲ ಮೂಗು ಮುಚ್ಚಿಕೊಂಡರು.

2013ರಲ್ಲಿ ಫೇಸ್‌ಬುಕ್ ರಿಯಾಕ್ಟನ್ನು ಹೊರತಂದಿತು. ಇಲ್ಲೂ ಕೋಡಿನೊಳಗೆ ಎಚ್‌ಟಿಎಂಎಲ್‌ನಂಥದ್ದೇ ಬರಹವಿತ್ತು. ಮೊದಲು ನಕ್ಕವರೇ ಬಳಿಕ ದೀಕ್ಷೆ ಪಡೆದರು. ಈ ಯುಗದ ಪದ್ಧತಿಯಲ್ಲಿ ಸರ್ವರ್ ಒಂದು ಬರಿದಾದ ಪುಟ, ಜೊತೆಗೆ ಒಂದು ದೊಡ್ಡ ಜಾವಾಸ್ಕ್ರಿಪ್ಟ್ ಗಂಟನ್ನು ಕಳಿಸುತ್ತದೆ; ಗಂಟು ಬಿಚ್ಚಿ ಪುಟ ಕಟ್ಟಿಕೊಳ್ಳುವುದು ಗಿರಾಕಿಯ ಫೋನಿನ ಕರ್ಮ. ಬೆಂಗಳೂರಿನ ಕಚೇರಿಯಲ್ಲಿ ಎರಡು ಲಕ್ಷದ ಲ್ಯಾಪ್‌ಟಾಪಿನಲ್ಲಿ ಇದು ಮಿಂಚಿನಂತೆ ಓಡಿತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಗ್ಗದ ಫೋನು ಹಿಡಿದು ಬೆಳೆಯ ದರ ನೋಡಲು ನಿಂತವನಿಗೆ ಕಂಡದ್ದು ಗಿರಗಿರ ತಿರುಗುವ ಚಕ್ರ ಮಾತ್ರ.

ಇದಕ್ಕೆ ಪ್ರಾಯಶ್ಚಿತ್ತವಾಗಿ ಪುಟವನ್ನು ಮೊದಲು ಸರ್ವರಿನಲ್ಲೇ ಕಟ್ಟೋಣವೆಂದು 2016ರಲ್ಲಿ ನೆಕ್ಸ್ಟ್‌ಜೆಎಸ್ ಬಂತು. 2020ರ ಡಿಸೆಂಬರಿನಲ್ಲಿ ರಿಯಾಕ್ಟ್ ತಂಡದವರು ಸರ್ವರ್ ಕಾಂಪೊನೆಂಟ್ ಎಂಬ ತತ್ತ್ವವನ್ನು ಸಾರಿದರು. 2023ರ ನೆಕ್ಸ್ಟ್‌ಜೆಎಸ್ ಸಮ್ಮೇಳನದ ಪರದೆಯ ಮೇಲೆ ಒಂದು ಗುಂಡಿ, ಗುಂಡಿಯ ಒಳಗೇ ಡೇಟಾಬೇಸಿಗೆ ಹೋಗುವ ಪ್ರಶ್ನೆ ಕಂಡಾಗ ನಲವತ್ತು ದಾಟಿದ ಡೆವಲಪರುಗಳೆಲ್ಲ ಒಮ್ಮೆಲೇ ಎದ್ದು ಕುಳಿತರು: ಇದು ನಮ್ಮ ಪಿಎಚ್‌ಪಿಯೇ ಅಲ್ಲವೇ!

ಪೂರ್ವಪಕ್ಷದವರು ಇದನ್ನು ಒಪ್ಪುವುದಿಲ್ಲ. ಹೊಸದರಲ್ಲಿ ಪುಟದ ತುಂಡು ತುಂಡನ್ನು ಬೇರೆಬೇರೆಯಾಗಿ ಕಳಿಸಬಹುದು, ಗಿರಾಕಿಯ ಕಡೆ ಬೇಕಾದದ್ದನ್ನಷ್ಟೇ ಜೀವಂತ ಇಡಬಹುದು, ಪ್ರಶ್ನೆಯೊಳಗೆ ಕಳ್ಳರು ನುಸುಳದಂತೆ ಬೀಗ ಹಾಕಬಹುದು ಎನ್ನುತ್ತಾರೆ. ನಿಜವೇ. ಮೂವತ್ತು ವರ್ಷದಲ್ಲಿ ಅಷ್ಟೂ ಆಗದಿದ್ದರೆ ನಮಗೆ ಸಂಬಳ ಕೊಟ್ಟದ್ದೇಕೆ? ಆದರೆ ಅದೇ ಊರಿಗೆ ಮರಳುವವರು ತೀರ್ಥಯಾತ್ರೆಯ ಟಿಕೆಟ್ ಮಾರಬಾರದು ಎಂಬುದು ಸಿದ್ಧಾಂತಪಕ್ಷ.

ರಾಜವಂಶಗಳು ಬದಲಾಗುವುದೇಕೆ? ವೇಗ, ಭದ್ರತೆ, ಸರಳತೆ ಎಂದು ರೀಡ್‌ಮೀ ಶಾಸನಗಳು ಹೇಳುತ್ತವೆ. ಪ್ರಶಸ್ತಿಭಾಗವನ್ನು ಇತಿಹಾಸವೆಂದು ನಂಬಬಾರದೆಂದು ನಮ್ಮ ಹಿರಿಯ ಸಂಶೋಧಕರು ಕಲಿಸಿದ್ದಾರೆ. ಪ್ರಸ್ತುತ ಲೇಖಕನ ಮತದಲ್ಲಿ ನಿಜವಾದ ಕಾರಣ ಬಯೋಡೇಟಾ. ಹಳೆಯದರಲ್ಲಿ ಚೆನ್ನಾಗಿ ನಡೆಯುತ್ತಿದ್ದ ತಾಣವನ್ನು ಹೊಸದರಲ್ಲಿ ಬರೆದವನಿಗೆ ಮುಂದಿನ ಕಂಪನಿಯಲ್ಲಿ ಸಂಬಳ ಏರುತ್ತದೆ. ಬರೆದದ್ದನ್ನು ಸಂಭಾಳಿಸುವ ಹೊತ್ತಿಗೆ ಅವನು ಅಲ್ಲಿರುವುದಿಲ್ಲ. ಜಾಹೀರಾತುಗಳು ಇದಕ್ಕೆ ಸಾಕ್ಷಿ. 2020ರಲ್ಲಿ ಫಾಸ್ಟ್‌ಎಪಿಐ ಎಂಬ ಸಲಕರಣೆಯ ಕರ್ತೃ ಸೆಬಾಸ್ಟಿಯನ್ ರಾಮಿರೆಸ್ ಒಂದು ಜಾಹೀರಾತು ನೋಡಿದ. ಅದರಲ್ಲಿ ಫಾಸ್ಟ್‌ಎಪಿಐಯಲ್ಲಿ ಕನಿಷ್ಠ ನಾಲ್ಕು ವರ್ಷದ ಅನುಭವ ಕೇಳಿದ್ದರು. ಅವನು ಅದನ್ನು ಕಟ್ಟಿ ಆಗಿದ್ದದ್ದು ಒಂದೂವರೆ ವರ್ಷ. ಕರ್ತೃವೇ ಅನರ್ಹನಾಗುವ ಇಂಥ ಪ್ರಸಂಗ ನಮ್ಮ ಪ್ರಾಚೀನ ಕವಿಗಳ ಕಾಲನಿರ್ಣಯದ ಜಗಳಗಳಲ್ಲೂ ಕಂಡಿಲ್ಲ.

ವೆಬ್‌3, ಮೆಟಾವರ್ಸ್ ಇತ್ಯಾದಿ ಕಿರುಸಂಸ್ಥಾನಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಸ್ಥಳಾಭಾವ ಅವಕ್ಕೂ ಇತ್ತು. ಈಚಿನ ದಂಡಯಾತ್ರೆ ಎಐಯದು. ಅದು ಕೋಡು ಬರೆಯುತ್ತದೆ, ನಾವು ತಲೆಯಾಡಿಸುತ್ತೇವೆ. ಎಐ ತಜ್ಞ ಆಂಡ್ರೆ ಕರ್ಪಾಥಿ 2025ರ ಫೆಬ್ರವರಿಯಲ್ಲಿ ಇದಕ್ಕೆ ವೈಬ್ ಕೋಡಿಂಗ್ ಎಂದು ನಾಮಕರಣ ಮಾಡಿದ. ಎಐಗೆ ಏನೂ ಹೇಳದೆ ತಾಣ ಕಟ್ಟು ಎಂದರೆ ಅದು ಹೆಚ್ಚಾಗಿ ರಿಯಾಕ್ಟನ್ನೇ ಬಳಸುತ್ತದೆ. ಕಲಿತ ಕೋಡಿನಲ್ಲಿ ಹೆಚ್ಚು ಕಂಡದ್ದನ್ನೇ ಹೆಚ್ಚು ಬರೆಯುವುದು ಅದರ ಸ್ವಭಾವ. ಹೀಗಾದರೆ ಹೊಸ ವಂಶಗಳು ಹುಟ್ಟುವುದೇ ಕಷ್ಟ. ಬಯೋಡೇಟಾಗಳ ಗತಿಯೇನು ಎಂಬ ಕಳವಳ ದರ್ಶಿನಿಗಳಲ್ಲಿ ಈಗಲೇ ಕೇಳಿಬರುತ್ತಿದೆ.

ಕೊನೆಯದಾಗಿ ಒಂದು ತೌಲನಿಕ ಅಧ್ಯಯನ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. (ತಾಳಗುಂದದ್ದು ಅದಕ್ಕೂ ಹಳೆಯದೆಂಬ ವಾದವಿದೆ, ಆ ಜಗಳಕ್ಕೆ ಈ ಪ್ರಬಂಧ ಇಳಿಯುವುದಿಲ್ಲ.) ಕೈಯಲ್ಲಿ ಉಳಿ ಮಾತ್ರ ಇದ್ದ ಆ ಕಂಡರಣೆಕಾರ ಕಲ್ಲಿನ ಮೇಲೆ ಪ್ರತಿ ಒತ್ತಕ್ಷರಕ್ಕೂ ಕೆಳಗೆ ಜಾಗ ಬಿಟ್ಟಿದ್ದಾನೆ. ಕನ್ನಡ ಅಕ್ಷರಗಳು 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಇದ್ದವು. ಆದರೂ ಇಂದಿನ ಆ್ಯಪುಗಳಲ್ಲಿ, ತಾಣಗಳಲ್ಲಿ ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿಹಾಕಿ, ಹೊರಚಾಚಿದ್ದನ್ನು ಮರೆಮಾಡೆಂದು ಸಿಎಸ್‌ಎಸ್‌ನಲ್ಲಿ ಅಪ್ಪಣೆ ಕೊಟ್ಟಿರುವುದರಿಂದ ‘ಸಲ್ಲಿಸಿ’ ಎಂಬುದು ಒತ್ತು ಕಳೆದುಕೊಂಡು ‘ಸಲಿಸಿ’ ಆಗುತ್ತಿದೆ. ಜೆಕ್ವೆರಿ ಕಾಲದಲ್ಲೂ ಕತ್ತರಿಸಿತ್ತು, ಆಂಗ್ಯುಲರ್ ಕಾಲದಲ್ಲೂ ಕತ್ತರಿಸಿತ್ತು, ರಿಯಾಕ್ಟ್ ಕಾಲದಲ್ಲೂ ಕತ್ತರಿಸುತ್ತಿದೆ. ದುರಸ್ತಿಗೆ ಬೇಕಾದದ್ದು ಸಾಲಿನ ಎತ್ತರ ಹೆಚ್ಚಿಸುವ ಒಂದೇ ಸಾಲು. ಅದನ್ನು ಬಯೋಡೇಟಾದಲ್ಲಿ ಹಾಕಿಕೊಳ್ಳಲು ಬರುವುದಿಲ್ಲ.

ಮುಂದಿನ ವಂಶವನ್ನು ಸ್ಥಾಪಿಸಲಿರುವ ಮಹನೀಯರಲ್ಲಿ ವಿನಂತಿ: ನಿಮ್ಮ ಫ್ರೇಮ್‌ವರ್ಕಿಗೆ ಯಾವ ಹೆಸರನ್ನಾದರೂ ಇಡಿ, ಯಾವ ಅಂಕಿಯನ್ನಾದರೂ ಹಾರಿಸಿ. ಮಾದರಿ ಪುಟದಲ್ಲಿ ‘ಸಲ್ಲಿಸಿ’ ಎಂದು ಒಂದು ಗುಂಡಿ ಹಾಕಿ, ಅಗ್ಗದ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.