ಕರೆನ್‌ನಲ್ಲಿ ಹಿಮ ಬೀಳೋದು ಯಾವಾಗ ಸ್ವಾಮಿ?

ನಿಜ ಹೇಳಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫೋನಲ್ಲಿ ಏನು ನೋಡ್ತಾ ಇರ್ತೀರಿ? (ಹೆದರ್ಬೇಡಿ, ಯಾರಿಗೂ ಹೇಳಲ್ಲ.) ಎಲೆಕ್ಟ್ರಿಕ್ ಗಾರ್ಡನ್ ಟ್ರ್ಯಾಕ್ಟರು! ಹುಲ್ಲು ಕತ್ತರಿಸೋ ಬ್ಲೇಡ್ ನೋಡಿದ್ರಿ, ಟ್ರೇಲರ್ ನೋಡಿದ್ರಿ, ಹಿಮ ತೂರೋ ಸ್ನೋ ಥ್ರೋಯರ್ ಹತ್ರ ಬಂದಾಗ ಬೆರಳು ನಿಂತೇಬಿಡ್ತು. ಹೌದೋ ಅಲ್ವೋ?

ನೀವಿರೋದು ನೈರೋಬಿಯ ಕರೆನ್‌ನಲ್ಲಿ. ಸಮಭಾಜಕ ವೃತ್ತ ಇಲ್ಲೇ ಬಗಲಲ್ಲಿದೆ. ಎತ್ತರ 1,800 ಮೀಟರಿಗೂ ಮೇಲೆ, ನಮ್ಮ ನಂದಿ ಬೆಟ್ಟವೇ ಕತ್ತೆತ್ತಿ ನೋಡ್ಬೇಕು, ಒಪ್ಪಿದೆ. ಆದ್ರೆ ಜುಲೈನಲ್ಲಿ ಸ್ವೆಟರ್ ಏರಿಸಿ ಕಾಫಿ ಊದ್ತಾ "ಒಂದಿನ ಬಿದ್ರೂ ಬೀಳಬಹುದು ಕಣ್ರೀ" ಅಂತೀರಲ್ಲ, ಅದನ್ನ ಒಪ್ಪಲ್ಲ. ಬೆಳಗಿನ ಹತ್ತು ಹನ್ನೆರಡು ಡಿಗ್ರಿಗೇ ಹಿಮ ಬೀಳೋದಾಗಿದ್ರೆ ಮಡಿಕೇರಿಯವರು ಇಷ್ಟೊತ್ತಿಗೆ ಸ್ಕೀ ಕಲಿತಿರ್ತಿದ್ರು.

ಈ ಊರಿನ ಮಣ್ಣಲ್ಲೇ ಏನೋ ಇದೆ ಬಿಡಿ. ಡೆನ್ಮಾರ್ಕಿನ ಕರೆನ್ ಬ್ಲಿಕ್ಸೆನ್ ಇಲ್ಲೇ, ಎನ್‌ಗಾಂಗ್ ಗುಡ್ಡದ ಬುಡದಲ್ಲಿ ಕಾಫಿ ಬೆಳೆಯೋಕೆ ಹೊರಟು, ವರ್ಷಗಟ್ಟಲೆ ಹೆಣಗಿ, 1931ರಲ್ಲಿ ಗಂಟುಮೂಟೆ ಕಟ್ಟಿದ್ರು. (ಅವರ ಮನೆ ಈಗ ಮ್ಯೂಸಿಯಂ. ನೆಂಟರು ಬಂದಾಗಲೆಲ್ಲ ಕರ್ಕೊಂಡು ಹೋಗ್ತೀರಿ. ಒಳಗೇನಿದೆ ಅಂದ್ರೆ "ಲಾನ್ ಚೆನ್ನಾಗಿದೆ" ಅಂತೀರಿ.) ಜಾಗ ಕಾಫಿಗೆ ತೀರಾ ಎತ್ತರ, ಹಿಮಕ್ಕೆ ಎತ್ತರ ಸಾಲದು. ಇಂಥ ಕಡೆ ಮನುಷ್ಯನಿಗೆ ಏನೇನೋ ಹೊಳೆಯುತ್ತೆ.

"ಐಡಿಯಾ ನಂದಲ್ಲ, ಹಳೇದು" ಅಂತೀರಾ? ಸರಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು 1969ರಲ್ಲೇ ಎಲೆಕ್-ಟ್ರ್ಯಾಕ್ ಅನ್ನೋ ಬ್ಯಾಟರಿ ಟ್ರ್ಯಾಕ್ಟರ್ ತಂದಿದ್ರು. ಗಾಲ್ಫ್ ಗಾಡಿಯ ಆರಾರು ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟು. ಮುಂದಿನ ಸ್ನೋ ಥ್ರೋಯರ್‌ಗೆ ಅದರದ್ದೇ ಮೋಟಾರು, ಪ್ಲಗ್ ಸಿಕ್ಕಿಸಿದ್ರೆ ಆಯ್ತು.

ಬ್ಯಾಟರಿಗಳೇ 150 ಕಿಲೋಗೂ ಮೇಲೆ ತೂಗೋದ್ರಿಂದ ಹಿಮದಲ್ಲಿ ಚಕ್ರಕ್ಕೆ ಹಿಡಿತ ಸಿಗುತ್ತೆ. (ಏಪ್ರಿಲ್ ಮಳೇಲಿ ಕರೆನ್‌ನ ಕೆಂಪು ಕೆಸರಿಗೆ ಇಳಿಸಿ ನೋಡಿ, ಅದೇ ತೂಕಕ್ಕೆ ಹೂತುಕೊಂಡು ಕೂರುತ್ತೆ.) ಲೆಡ್ ಆಸಿಡ್ ಬ್ಯಾಟರಿ ಕೊರೆಯೋ ಚಳಿಗೆ ಸೊರಗುತ್ತೆ, ಇಲ್ಲಿ ಆ ಚಿಂತೆಯೂ ಇಲ್ಲ. ಹಿಮ ಎತ್ತೋಕೆ ಕರೆನ್‌ನಷ್ಟು ಒಳ್ಳೇ ಹವೆ ಇನ್ನೆಲ್ಲೂ ಸಿಗಲ್ಲ ಸ್ವಾಮಿ. ಹಿಮ ಒಂದು ಬಿಟ್ಟು ಎಲ್ಲಾ ಇದೆ!

ಟ್ರ್ಯಾಕ್ಟರಿಗೆ ಸ್ನೋ ಥ್ರೋಯರ್ ಕೂರಿಸೋದು ಹೇಗೆ ಅಂತಾನೂ ಓದ್ಕೊಂಡಿದ್ದೀರಿ, ನಂಗೊತ್ತು. ಹೊಟ್ಟೆ ಕೆಳಗಿನ ಹುಲ್ಲಿನ ಡೆಕ್ ಬಿಚ್ಚಬೇಕು, ಮೂತಿಗೆ ಬ್ರಾಕೆಟ್ ಕಟ್ಟಬೇಕು, ಎತ್ತಿ ಇಳಿಸೋಕೆ ಕೊಂಡಿ ಹಾಕಬೇಕು. ಬ್ರಾಕೆಟ್ಟಿನ ತೂತು ಹೊಂದಲ್ಲ. (ಯಾವತ್ತು ಹೊಂದಿದೆ?) ಆಗ ನೆನಪಾಗೋನೇ ಇಲ್ಲಿನ ಬೀದಿ ಮೆಕ್ಯಾನಿಕ್ಕು, ಜುವಾ ಕಾಲಿ ಫುಂಡಿ. ರಸ್ತೆ ಬದಿ ಸುಡುಬಿಸಿಲಲ್ಲಿ ಕೂತು, ತಗಡು ಬಡಿದು, ವೆಲ್ಡಿಂಗ್ ಮಾಡಿ, ಏನು ಕೇಳಿದ್ರೂ ಮಾಡಿಕೊಡ್ತಾನೆ. ನೀವು ಅರ್ಧ ರೇಟಿಗೆ ಚೌಕಾಸಿ ಮುಗಿಸಿದ ಮೇಲೆ ಅವನದ್ದು ಒಂದೇ ಪ್ರಶ್ನೆ: "ಹೀ ನಿ ಯಾ ನಿನಿ, ಬ್ವಾನಾ?" ಇದು ಯಾತಕ್ಕೆ, ಯಜಮಾನ್ರೇ? ತಕ್ಷಣ ನಿಮಗೆ ಯಾರದ್ದೋ ಅರ್ಜೆಂಟ್ ಫೋನ್ ಬರುತ್ತೆ.

ಇನ್ನು ಶಿಯರ್ ಪಿನ್ನು. ತಿರುಗೋ ಸುರುಳಿಗೆ ಕಲ್ಲೋ ಬೇರೋ ಸಿಕ್ಕಿದಾಗ ತಾನು ಮುರಿದು ಗೇರ್ ಬಾಕ್ಸ್ ಉಳಿಸೋದೇ ಅದರ ಕಸುಬು. ಅದು ಎರಡು ಸಲ ಮುರೀತು ಅನ್ನಿ, ನೀವೇನು ಮಾಡ್ತೀರಿ? ಆ ಜಾಗಕ್ಕೆ ಗಟ್ಟಿ ಬೋಲ್ಟ್ ಜಡೀತೀರಿ! (ಊರಲ್ಲಿ ಫ್ಯೂಜ್ ಹೋದಾಗ ದಪ್ಪ ತಂತಿ ಸುತ್ತಿದ ಕೈ ಅಲ್ವಾ ಅದು?) ಮುಂದಿನ ಸಲ ಬೋಲ್ಟ್ ಗಟ್ಟಿಯಾಗೇ ಇರುತ್ತೆ, ಗೇರ್ ಬಾಕ್ಸ್ ಮಾತ್ರ ಇರಲ್ಲ.

"ಹಿಮ ಬೇಡ, ಆಲಿಕಲ್ಲಿಗೆ ಆಗುತ್ತಲ್ಲ?" ಅಬ್ಬಾ, ಲಾಯರ್ ಆಗಬೇಕಿತ್ತು ನೀವು. 2008ರ ಸೆಪ್ಟೆಂಬರ್‌ನಲ್ಲಿ ನ್ಯಾಹುರುರು ಹತ್ರ ಬುಸಾರಾ ಅನ್ನೋ ಕಡೆ ಆಲಿಕಲ್ಲು ಸುರಿದು ಗುಡ್ಡದ ಇಳಿಜಾರೇ ಬೆಳ್ಳಗಾಗಿತ್ತು, ನಿಜ. ಜನ ಹಿಮವೇ ಬಿತ್ತು ಅಂತ ಸಂಭ್ರಮಪಟ್ರು. ಯಾರಾದ್ರೂ ಅದನ್ನ ಎತ್ತಿ ಆಚೆ ಎಸೀಬೇಕು ಅಂದ್ರಾ? ಉದುರಿದ ಹೂವಿಗಾದ್ರೂ ಆಗುತ್ತೆ ಅಂತೀರಾ? ಅಕ್ಟೋಬರಿನ ಜಕರಂಡಾ ಹೂ ಎತ್ತೋಕೆ ಪೊರಕೆ ಸಾಕು. ಮೌಂಟ್ ಕೀನ್ಯಾದ ಕಡೆ ಬೆರಳು ತೋರಿಸ್ಬೇಡಿ. 5,199 ಮೀಟರಿನ ಆ ಬೆಟ್ಟದ ಹಿಮನದಿಗಳು ತಾವಾಗೇ ಕರಗ್ತಿವೆ, ಉಳಿದದ್ದನ್ನ ನೀವು ತೂರಬೇಡಿ.

ನಿಮ್ಮ ಕಾಯಿಲೆಯ ಹೆಸರು "ಇರ್ಲಿ ಬಿಡಿ, ಯಾವಾಗಾದ್ರೂ ಬೇಕಾಗುತ್ತೆ". ಲಗೇಜಿಗೆ ಹೆಚ್ಚುವರಿ ದುಡ್ಡು ಕಟ್ಟಿ ಊರಿಂದ ಶಾವಿಗೆ ಒರಳು ತಂದ್ರಲ್ಲ, ಅದು ಅಟ್ಟದಿಂದ ಇಳಿದಿದ್ಯಾ? ನಿಮಗೆ ಬೇಕಿರೋದು ಕೆಲಸ ಅಲ್ಲ. ಭಾನುವಾರ ಸ್ಪ್ಯಾನರ್ ಹಿಡಿದು ಕೂರೋಕೆ ಒಂದು ನೆಪ, ಬೇಲಿಯಾಚೆಯಿಂದ ಪಕ್ಕದ ಮನೆಯವನು "ಏನ್ರೀ ಅದು?" ಅನ್ನಬೇಕು, ಅಷ್ಟೇ.

ಆಯ್ತು ಮಾರಾಯ್ರೇ, ಆ ಸ್ನೋ ಥ್ರೋಯರ್ ತಗೊಳ್ಳಿ. ಮನೆಯವರನ್ನ ನಾನೇ ಒಪ್ಪಿಸ್ತೀನಿ. ಅಂದಹಾಗೆ, ಟ್ರ್ಯಾಕ್ಟರ್ ತಗೊಂಡಿದ್ದು ಯಾವಾಗ? ಏನು, ಇನ್ನೂ ಇಲ್ವಾ? ಹೋಗ್ಲಿ, ಲಾನು? ಅದೂ ಮನೆ ಓನರ್‌ದಾ?