ಘರ್ಷಣ-ಲೇಪನ ಸಿದ್ಧಾಂತ: ಚುನಾವಣಾ ಜಾಹೀರಾತಿನ ಚನ್ನಪಟ್ಟಣ ಮೀಮಾಂಸೆ

ಕನ್ನಡದಲ್ಲಿ ಅಲಂಕಾರಶಾಸ್ತ್ರಕ್ಕೆ ಬರವಿಲ್ಲ. ಎದುರಾಳಿಗೆ ಮಸಿ ಬಳಿಯುವ ಅಲಂಕಾರಕ್ಕೆ ಮಾತ್ರ ಲಕ್ಷಣಗ್ರಂಥ ಇನ್ನೂ ಹುಟ್ಟಿಲ್ಲ. ಆ ಕೊರತೆ ನೀಗಲೆಂದು ಈ ಬಡ ಸಂಶೋಧಕ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಪೀಠಗಳನ್ನೂ ಕೆಂಪು ಬಸ್ಸಿನಲ್ಲಿ ಸುತ್ತಿ ಬಂದಿದ್ದಾನೆ. ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಎಂದಾಗಿದೆ, ಶಾಸ್ತ್ರಕ್ಕೆ ಬಾಧಕವಿಲ್ಲ.

ಸಿದ್ಧಾಂತ ಹೊಳೆದದ್ದು ಚನ್ನಪಟ್ಟಣದ ಗೊಂಬೆ ಅಂಗಡಿಯ ಹಿತ್ತಿಲಲ್ಲಿ. ಹಾಲೆ ಮರದ ತುಂಡು ಲೇತಿನಲ್ಲಿ ಗರಗರ ತಿರುಗುತ್ತಿತ್ತು. ಕೆಲಸಗಾರ ಅರಗಿನ ಬಣ್ಣದ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದ. ಕುಂಚವಿಲ್ಲ, ಒಲೆಯಿಲ್ಲ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಮೇಲೆ ತಾಳೆಗರಿ ಒತ್ತಿದ, ಥಳಥಳ. “ನಿಂತ ಮರಕ್ಕೆ ಬಣ್ಣ ಹತ್ತಲ್ಲ ಸಾ,” ಅಂದ.

ಇದೇ ಸೂತ್ರ. ಬೈದ ಪಕ್ಷವೇ ಅರಗು, ಬೈಸಿಕೊಂಡು ಗರಗರ ತಿರುಗುವ ಪಕ್ಷವೇ ಮರ, ರಾತ್ರಿ ಒಂಬತ್ತರ ಟಿವಿ ಚರ್ಚೆಯೇ ತಾಳೆಗರಿ.

ಮೊದಲ ಲಕ್ಷ್ಯ ಕನಕಪುರ ಪೀಠದ್ದು. 2023ರ ಮೇ 5ರಂದು ಪತ್ರಿಕೆಗಳಲ್ಲಿ ಕೆಪಿಸಿಸಿಯ ‘ಭ್ರಷ್ಟಾಚಾರದ ದರಪಟ್ಟಿ’ ಅಚ್ಚಾಯಿತು. ಮುಖ್ಯಮಂತ್ರಿ ಹುದ್ದೆಯಿಂದ ಹಿಡಿದು ಕೋಳಿಮೊಟ್ಟೆಯವರೆಗೆ ಎಲ್ಲಕ್ಕೂ ರೇಟು. ಓದುಗ ಚಕ್ಕುಲಿ ಕಟ್ಟಿಕೊಂಡು ಮರೆಯಬಹುದಿತ್ತು. ಆಗ ಆಳುತ್ತಿದ್ದ ಬಿಜೆಪಿ ದೂರು ಕೊಟ್ಟಿತು, ಮರುದಿನವೇ ಚುನಾವಣಾ ಆಯೋಗ ಕೆಪಿಸಿಸಿಯ ಆಗಿನ ಅಧ್ಯಕ್ಷ, ಕನಕಪುರದ ಡಿ.ಕೆ. ಶಿವಕುಮಾರ್ ಅವರಿಗೆ ನೋಟಿಸ್ ಕೊಟ್ಟು, 7ರ ಸಂಜೆ 7 ಗಂಟೆಯೊಳಗೆ ಆಧಾರ ಕೊಡಿ ಎಂದಿತು. ಪತ್ರಿಕೆ ತರಿಸದ ಮನೆಗೂ ದರಪಟ್ಟಿ ತಲುಪಿತು. ಇದೇ ಜಾಹೀರಾತಿನ ಮೇಲಿನ ಮಾನನಷ್ಟ ಮೊಕದ್ದಮೆಯಲ್ಲಿ ಜಾಮೀನಿಗೆಂದು ರಾಹುಲ್ ಗಾಂಧಿ ಬೆಂಗಳೂರಿನ ಕೋರ್ಟಿಗೆ ಬಂದದ್ದು 2024ರ ಜೂನ್ 7ರಂದು. ಹದಿಮೂರು ತಿಂಗಳಾದರೂ ಹೊಳಪು ಮಾಸಿರಲಿಲ್ಲ!

ಚೊಂಬಿನ ಪ್ರಕರಣ ಇನ್ನೂ ಸೂಕ್ಷ್ಮ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಕೊಟ್ಟದ್ದು ಚೊಂಬು ಎಂದು ಕಾಂಗ್ರೆಸ್ ಜಾಹೀರಾತು ಹಾಕಿತು. ಬಿಜೆಪಿಯ ಮಿತ್ರಪಕ್ಷ ಜೆಡಿಎಸ್‌ನ ದೇವೇಗೌಡರು ಚಿಕ್ಕಬಳ್ಳಾಪುರದಲ್ಲಿ, ಮೋದಿಯವರ ಎದುರೇ, ಅದನ್ನು ಅಕ್ಷಯಪಾತ್ರೆ ಮಾಡಿಬಿಟ್ಟರು. ಖಾಲಿ ಪಾತ್ರೆಗೆ ಎರಡೂ ಪಕ್ಷ ಸೇರಿ ಕಲಾಯಿ ಹಾಕಿದ್ದು ನಮ್ಮ ಪಾತ್ರೆ ವ್ಯಾಪಾರದ ಚರಿತ್ರೆಯಲ್ಲೇ ಅಪೂರ್ವ. ಬೆಂಗಳೂರು ಗ್ರಾಮಾಂತರದಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಎದುರು 2,69,647 ಮತಗಳಿಂದ ಸೋತರು. ಚೊಂಬು ಕೊನೆಗೆ ಯಾರ ಕೈ ಸೇರಿತೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ.

ಇನ್ನು ಗ್ರಂಥಸಂಪಾದನೆಯ ಸಮಸ್ಯೆ. 2024ರ ನವೆಂಬರ್, ಚನ್ನಪಟ್ಟಣ ಉಪಚುನಾವಣೆ. ಕಾಂಗ್ರೆಸ್ ಸಚಿವ ಜಮೀರ್ ಅಹ್ಮದ್ ಜೆಡಿಎಸ್‌ನ ಕುಮಾರಸ್ವಾಮಿಯವರ ಬಣ್ಣ ಎತ್ತಿ ಆಡಿದರು. ಒಂದು ಪ್ರತಿಯಲ್ಲಿ ‘ಕಾಲಿಯಾ’, ಮತ್ತೊಂದರಲ್ಲಿ ‘ಕಾಲಾ’, ಮೂರನೆಯದರಲ್ಲಿ ‘ಕರಿಯ’ ಎಂಬ ಪಾಠಾಂತರ. ಪ್ರೀತಿಯಿಂದ ಕರಿಯಣ್ಣ ಅಂತಿದ್ದೆ, ಅವರು ನನ್ನನ್ನು ಕುಳ್ಳ ಅಂತಿದ್ದರು ಎಂದು ವ್ಯಾಖ್ಯಾನವನ್ನೂ ಸಚಿವರೇ ಬರೆದರು. ಮೂಲಪಾಠ ‘ಕಾಲಿಯಾ’ ಎಂಬುದು ಈ ಸಂಶೋಧಕನ ಪಕ್ಷ. ಕಾರಣ, 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ಕೈಲಿ ಗುಂಡು ತಿಂದ ಕಾಲಿಯಾ ಬಿದ್ದದ್ದು ರಾಮನಗರದ ಬಂಡೆಗಳ ನಡುವೆಯೇ. ಸ್ಥಳೀಯ ಪರಂಪರೆ ಎಂದರೆ ಇದು. ಜೆಡಿಎಸ್ ಕೆಂಡವಾಯಿತು, ಚಾನೆಲ್ಲುಗಳು ಆ ಪದವನ್ನೇ ಜಪಿಸಿದವು. ಗೆದ್ದದ್ದು ಮಾತ್ರ ಕಾಂಗ್ರೆಸ್ಸಿನ ಸಿ.ಪಿ. ಯೋಗೇಶ್ವರ್, 25,413 ಮತಗಳಿಂದ. ಬಣ್ಣ ಯಾರಿಗೆ ಹತ್ತಿತು? ಸಿದ್ಧಾಂತ ಇಲ್ಲಿ ಸ್ವಲ್ಪ ಕುಂಟುತ್ತದೆ; ಅಡಿಟಿಪ್ಪಣಿಯಲ್ಲಿ ಮುಚ್ಚಿಬಿಡೋಣ.

ಮಾಗಡಿ ಶಾಸಕರು 2024ರ ಜನವರಿಯಲ್ಲಿ ಅಯೋಧ್ಯೆಯ ಅಕ್ಷತೆಯೋ ಕಾಂಗ್ರೆಸ್ಸಿನ ಗ್ಯಾರಂಟಿಯೋ ಎಂದು ಕೇಳಿದ್ದನ್ನು ವಿಕಲ್ಪಾಲಂಕಾರ ಎಂದಷ್ಟೇ ಗುರುತಿಸಿ ಮುಂದೆ ಸಾಗೋಣ. ಬಿಜೆಪಿಯ ಕೊಡುಗೆ ಮೀಸಲಾತಿಯನ್ನು ಗೂಡಿನ ಮೊಟ್ಟೆಗಳಾಗಿಸಿ, ಮುಸ್ಲಿಮರ ಮೇಲೆ ಸಿಟ್ಟೆಬ್ಬಿಸುವ ಕಾರ್ಟೂನ್ ವಿಡಿಯೊ. ತೆಗೆಯಿರಿ ಎಂದು ಆಯೋಗ ಎಕ್ಸ್‌ಗೆ ಹೇಳಿದ್ದು 2024ರ ಮೇ 7ರಂದು. ಕರ್ನಾಟಕದ ಕೊನೆಯ ಹಂತದ ಮತದಾನವೂ ಅಂದೇ. ಮುಹೂರ್ತ ನೋಡಿದ ಜೋಯಿಸರು ಯಾರೋ.

ಹೊರಡುವಾಗ ಕೆಲಸಗಾರ ಗಿಲಕಿಯೊಂದನ್ನು ಕೈಗಿಟ್ಟ. “ಸೊಪ್ಪು, ಅರಿಸಿನದ ಬಣ್ಣ ಸಾ. ಮಗು ಬಾಯಿಗಿಟ್ಕೊಂಡ್ರೂ ಏನೂ ಆಗಲ್ಲ.” ಇಂಥ ಪರೀಕ್ಷೆ ಪತ್ರಿಕಾ ಜಾಹೀರಾತಿಗೂ ಉಂಟು: ಮತದಾನದ ದಿನ ಮತ್ತು ಅದರ ಹಿಂದಿನ ದಿನದ್ದನ್ನು ಸಮಿತಿಯೊಂದು ಮೊದಲೇ ನೋಡಿ ಒಪ್ಪಬೇಕು. ದರಪಟ್ಟಿ ಅಚ್ಚಾದದ್ದು ಮತದಾನಕ್ಕೆ ಐದು ದಿನ ಮೊದಲು.